ಒಟ್ಟಿಗೆ ಕೂರಿಸಿದರೆ ದನಿ ಕಳೆದುಕೊಳ್ಳುವ ಎರಡು ಆಂಪ್ಲಿಫೈಯರ್‌ಗಳಿಗೆ

೧. ಅರ್ಜಿದಾರ: ರಘೋತ್ತಮ ತಡಕೋಡ, ವಯಸ್ಸು ಎಪ್ಪತ್ತಾರು, ಮಂಗೋರ್ ಹಿಲ್, ವಾಸ್ಕೋ, ಗೋವಾ, ಮೂವತ್ತನಾಲ್ಕು ವರ್ಷ ಕಚೇರಿಯಲ್ಲಿ ಪರರ ಅರ್ಜಿಗಳ ಶುದ್ಧಪ್ರತಿ ತೆಗೆದವನು.
೨. ಎದುರುದಾರರು: ಮೊಮ್ಮಗಳು ಪ್ರಾಚಿಯ ಒಂದೇ ಗಿಟಾರಿಗೆ ಜೋಡಿಸಲ್ಪಟ್ಟ ಎರಡು ಆಂಪ್ಲಿಫೈಯರ್‌ಗಳು, ಹಿರಿಯರು ಹಾಗೂ ಕಿರಿಯರು.
೩. ದೂರು: ಬಿಡಿಯಾಗಿ ಗರ್ಜಿಸುವುದು, ಜೊತೆಯಾಗಿ ಪಿಸುಗುಟ್ಟುವುದು.

ಮಾನ್ಯರೇ,

ತಮ್ಮ ಬೆಚ್ಚನೆಯ ನೆತ್ತಿಯ ಮೇಲೆ ನನ್ನ ಧರ್ಮಪತ್ನಿ ಪದ್ಮಾಬಾಯಿ ಒಣಗಲಿಟ್ಟಿದ್ದ ಸಂಡಿಗೆಯ ತಟ್ಟೆಯನ್ನು ಮೊದಲು ಕೆಳಗಿಳಿಸಿ, ಬಳಿಕ ಕೈಜೋಡಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

ಹಿರಿಯರಾದ ತಾವು ಒಬ್ಬರೇ ನುಡಿದರೆ ನಮ್ಮ ಅಡುಗೆಮನೆಯ ಡಬ್ಬಿಗಳ ಮುಚ್ಚಳಗಳು ನಡುಗುತ್ತವೆ; ಕಿರಿಯರು ಒಬ್ಬರೇ ನುಡಿದರೆ ಕೆಳಮನೆಯ ಹಸೀನಾಬಾಯಿ ಗ್ಯಾಸ್ ಸಿಡಿಯಿತೆಂದು ಅಂಗಳಕ್ಕೆ ಓಡಿಬರುತ್ತಾರೆ. ಇಂಥ ಸಮರ್ಥರಿಬ್ಬರನ್ನು ಪ್ರಾಚಿ ರಾಜ್ಯೋತ್ಸವದ ತಾಲೀಮಿಗೆ ರಿಕ್ಷಾದಲ್ಲಿ ಮೆರೆಸಿಕೊಂಡು ಹೋದಳು. ಅಲ್ಲಿ ತಾವಿಬ್ಬರೂ ಸೇರಿ ಹೊರಡಿಸಿದ್ದು ನೆಗಡಿಯಾದ ಸೊಳ್ಳೆಯ ದನಿ. ಕನ್ನಡ ಸಂಘದ ಕಾರ್ಯದರ್ಶಿ ಮಿಲಿಂದ, “ಯಾಕವಾ, ಇವತ್ತ ನಿನ್ನ ಗಿಟಾರಿಗೆ ಉಪವಾಸೇನು? ರವಿವಾರ ಇನ್ನೊಮ್ಮೆ ಕೇಳ್ತೀನಿ. ಕಡೀ ಸಾಲಿಗೆ ಕೇಳಸ್ಲಿಲ್ಲಂದ್ರ ಮೊಬೈಲಿನ ಹಾಡು ಹಚ್ಚಿಬಿಡ್ತೀನಿ” ಎಂದು ಕಾರ್ಯಕ್ರಮ ಪಟ್ಟಿಯಲ್ಲಿದ್ದ ಅವಳ ಹೆಸರಿನ ಮೇಲೆ ಗೆರೆ ಎಳೆದರು. ನಾಲ್ಕು ತಿಂಗಳು ಬೆರಳು ಸವೆಸಿದ ಹುಡುಗಿ ಅಂದು ಊಟದ ತಟ್ಟೆಯನ್ನೂ ಮುಟ್ಟಲಿಲ್ಲ.

ಒಬ್ಬರು ಮುಂದೆ ತಳ್ಳಿದ ಕಡತವನ್ನು ಇನ್ನೊಬ್ಬರು ಹಿಂದಕ್ಕೆಳೆಯುವ ಕಚೇರಿಯ ಘನ ಪರಂಪರೆಯನ್ನು ನಿವೃತ್ತನ ಮನೆಯಲ್ಲೂ ಉಳಿಸಿಕೊಟ್ಟ ತಮಗೆ ಸನ್ಮಾನ ಮಾಡಬೇಕೆಂದೇ ಇದ್ದೆ. ಅಷ್ಟರಲ್ಲಿ ವಾಯರಮನ್ ಪರ್ವೇಜ ಬಂದು ತಮ್ಮ ಬೆನ್ನು ಬಿಚ್ಚಿದ್ದರಿಂದ ಒಂದು ಅಪ್ರಿಯ ಸಂಗತಿ ದಾಖಲಾಯಿತು. ರಾಜ್ಯೋತ್ಸವದ ಗೌರವಾರ್ಥ ನಾನು ಹಿರಿಯರ ಸ್ಪೀಕರಿನ ಕೆಂಪು-ಕಪ್ಪು ವಾಯರು ಕಿತ್ತು, ಅರಿಷಿಣ-ಕುಂಕುಮದ ಬಣ್ಣದ್ದು ಹಾಕಿ, ನಮ್ಮ ಬಾವುಟದ ಕ್ರಮದಂತೆ ಹಳದಿಯನ್ನು ಮೇಲಿನ ಸ್ಕ್ರೂಗೂ ಕೆಂಪನ್ನು ಕೆಳಗಿನದಕ್ಕೂ ಬಿಗಿದಿದ್ದೆ. ಇನ್ನೊಂದು ತುದಿಯಲ್ಲಿ ಮಾತ್ರ ಹಳೆಯ ಕೆಂಪಿನ ಜಾಗಕ್ಕೇ ಹೊಸ ಕೆಂಪನ್ನು ಹಾಕಿದ್ದರಿಂದ ಹಿರಿಯರ ವಾಯರು ತಿರುವುಮುರುವಾಗಿತ್ತು.

“ಅಜ್ಜಾರ, ಇವ ಉಸುರು ಬಿಡೂವಾಗ ಅವ ಎಳಕೊಳ್ಳಾಕತ್ತಾನ, ಆವಾಜ ನಡುವ ಖಲಾಸ್! ಝಂಡಾ ಮನಿ ಮ್ಯಾಲ ಹಾರಸ್ರಿ, ವಾಯರಿನ್ಯಾಗ ಯಾಕ್ರಿ?” ಎಂದು ಪರ್ವೇಜ ನಕ್ಕನು.

ಕೆಂಪನ್ನು ಹಳದಿಯ ಮೇಲೆ ಏರಿಸುವುದು ಈ ಜನ್ಮದಲ್ಲಿ ನನ್ನಿಂದಾಗದು. ಆದ್ದರಿಂದ ಕಿರಿಯರಿಗೂ ಅದೇ ವಾಯರನ್ನು ಅದೇ ಕ್ರಮದಲ್ಲಿ ತೊಡಿಸಿದ್ದೇನೆ. ಇಬ್ಬರೂ ತಪ್ಪಾದರೆ ಇಬ್ಬರೂ ಒಂದೇ ಕಡೆಗೆ ತಪ್ಪುತ್ತೀರಿ. ಪರ್ವೇಜ ತಲೆ ಕೆರೆದುಕೊಂಡು, “ಹಿಂಗೂ ನಡೀತೈತ್ರಿ, ಖರೇ!” ಎಂದಿದ್ದಾನೆ. ಹೀಗಿರಲಾಗಿ, ರವಿವಾರ ತಾವಿಬ್ಬರೂ ಕೂಡಿಯೇ ಉಸಿರು ಬಿಟ್ಟು, ಕೂಡಿಯೇ ಎಳೆದು, ಬೇಕಾದರೆ ಸಭಾಗೃಹದ ಹಂಚುಗಳನ್ನು ಅರ್ಧ ಗೇಣು ಎತ್ತಿ ಮರಳಿ ಅಲ್ಲಲ್ಲೇ ಇಟ್ಟು, ಕಡೆಯ ಸಾಲಿನವರಿಗೆ ನನ್ನ ಪ್ರಾಚಿಯನ್ನು ಕೇಳಿಸಬೇಕಾಗಿ ಪ್ರಾರ್ಥನೆ.

ರವಿವಾರದವರೆಗೆ ತಮ್ಮ ವಿಶ್ವಾಸಿ,
ಮುಂದಿನದು ತಮ್ಮ ನಡತೆಯಂತೆ,

ತಾ.ಕ.: ರವಿವಾರ ಸಂಜೆ. ಕಡೆಯ ಸಾಲಿನಲ್ಲಿ ಕುಳಿತಿದ್ದ ಮಿಲಿಂದ ಅವರು ಎರಡೂ ಕಿವಿ ಮುಚ್ಚಿಕೊಂಡು, “ಸ್ವಲ್ಪ ಸಣ್ಣ ಮಾಡವಾ, ತಾಯಿ!” ಎಂದು ಕೂಗಿದ್ದು ನನಗೆ ಅಷ್ಟಾಗಿ ಕೇಳಿಸಲಿಲ್ಲ. ಅವರು ಅದನ್ನು ಲಿಖಿತವಾಗಿ, ಮೂರು ಪ್ರತಿಗಳಲ್ಲಿ ಸಲ್ಲಿಸಿದರೆ ರಾಜ್ಯೋತ್ಸವ ಮುಗಿದ ಬಳಿಕ ಪರಿಶೀಲಿಸಲಾಗುವುದು.

(ಸಹಿ) ರಘೋತ್ತಮ ತಡಕೋಡ

ಲಗತ್ತು: ಕಾರ್ಯಕ್ರಮ ಪಟ್ಟಿ, ಒಂದು ಪ್ರತಿ; ಪ್ರಾಚಿಯ ಹೆಸರು ಕಾರ್ಯದರ್ಶಿಗಳ ಸ್ವಹಸ್ತದಿಂದ ಮರಳಿ ಬರೆಯಲ್ಪಟ್ಟಿದ್ದು.