ಹುಳುಮನೆಗೊಂದು ಬಾಡಿಗೆ ಯೋಚನೆ

ಕುಂದಾಣದ ಆವಲಪ್ಪ ಹೆಚ್ಚು ಮಾತಿನವನಲ್ಲ. ಅಂಥವನು ಆವತ್ತು ಡ್ಯೂಟಿ ಮುಗಿಸಿ ಬಂದು, ಸೆಕ್ಯೂರಿಟಿ ಟೋಪಿಯನ್ನೂ ತೆಗೆಯದೆ ಹೆಂಡತಿಯ ಮುಂದೆ ಕೂತುಬಿಟ್ಟ.

"ಒಂದು ಬೀರು ಇಡೋವಷ್ಟು ಜಾಗಕ್ಕೆ ತಿಂಗ್ಳಿಗೆ ಅರವತ್ತು ಸಾವ್ರ ಬಾಡ್ಗೆ ಕಣೇ!"

"ಅಷ್ಟರಲ್ಲಿ ಯಾರಿರ್ತಾರಂತೆ?" ಎಂದಳು ಮುನಿವೆಂಕಟಮ್ಮ.

"ಯಾರೂ ಇಲ್ಲ. ಕಂಪ್ಯೂಟರ್ ಮೆಷಿನ್ನು. ಕಂಪ್ನಿಯೋರು ತಂದು ನಮ್ ಬಿಲ್ಡಿಂಗಲ್ಲಿ ಮಡಗ್ತಾರೆ. ಹಗ್ಲೂ ರಾತ್ರಿ ಏಸಿ. ಕರೆಂಟ್ ಹೋದ್ರೆ ಲಾರಿಯಷ್ಟು ದೊಡ್ಡ ಜನರೇಟ್ರು. ಅದು ಕೆಟ್ರೆ ಇನ್ನೊಂದು!"

(ಏರ್‌ಪೋರ್ಟ್ ಹತ್ತಿರದ ಆ ಕಟ್ಟಡಕ್ಕೆ ಕಿಟಕಿಯೇ ಇಲ್ಲ. ಅದರ ಗೇಟು ಕಾಯುವ ಆವಲಪ್ಪನಿಗೆ ಗರ್ಭಗುಡಿ ಕಾಯುವಷ್ಟೇ ಭಕ್ತಿ.)

ಭಕ್ತಿಯ ಬೆನ್ನಿಗೇ ಯೋಚನೆ ಬಂತು. ಹಿತ್ತಲಲ್ಲಿ ಹೆಂಡತಿಯ ರೇಷ್ಮೆ ಹುಳುಮನೆ ಇದೆ. ತಂಪು, ಶುದ್ಧ, ಸಾಲು ಸಾಲು ಸ್ಟ್ಯಾಂಡು. ಹುಳು ತೆಗೆದು ಮೆಷಿನ್ ಇಟ್ಟರೆ? ಹೆಂಡತಿಯ ಮುಂದೆ ಅಂದೇಬಿಟ್ಟ.

"ನಾಕು ಸಲ ಪೊರೆ ಬಿಡೋ ಜ್ವರ ದಾಟಿಸಿ ಸಾಕಿವ್ನಿ. ಇನ್ನೊಂದ್ವಾರಕ್ಕೆ ಗೂಡು ಕಟ್ತವೆ. ಮುಟ್ಟಿ ನೋಡು, ಗೊತ್ತಾಯ್ತದೆ!" ಎಂದಳು ಅವಳು.

ಆದರೂ ಭಾನುವಾರ ಅವನು ಆ ಕಟ್ಟಡದ ಮ್ಯಾನೇಜರ್ ಉಮಾಶಂಕರ್ ಸಾಹೇಬರನ್ನು ಮುದ್ದೆ ಊಟದ ನೆಪದಲ್ಲಿ ಕರೆತಂದೇಬಿಟ್ಟ. ಹುಳುಮನೆ ಬಾಗಿಲಲ್ಲಿ ಮುನಿವೆಂಕಟಮ್ಮ ಕೈ ಅಡ್ಡ ಇಟ್ಟಳು.

"ಚಪ್ಲಿ ಬಿಡಿ ಸಾರ್. ಬ್ಲೀಚಿಂಗ್ ನೀರಲ್ಲಿ ಕಾಲದ್ದಿ. ಅಯ್ಯೋ, ಸೆಂಟ್ ಹಾಕೊಂಡು ಬಂದಿದೀರಾ? ಸೋಪಾಕಿ ಕತ್ತು ತೊಳ್ಕೊಂಬನ್ನಿ, ಹುಳಕ್ಕೆ ಆಗಲ್ಲ."

ತೊಳೆದ ಕತ್ತಿನ ಸಾಹೇಬರು ಒಳಗೆ ಕಾಲಿಟ್ಟು ದಂಗಾದರು. ಸಾವಿರಾರು ಹುಳು ಸೊಪ್ಪು ಮೇಯುವ ಸದ್ದು ಸಣ್ಣ ಮಳೆಯಂತೆ.

"ಬಿಸಿಲು ಜಾಸ್ತಿ ಆದ್ರೆ ಏನ್ಮಾಡ್ತೀರಮ್ಮ?" ಎಂದು ಪಿಸುಗುಟ್ಟಿದರು.

"ಗೋಣಿಚೀಲ ನೆನೆಸಿ ಕಟ್ತೀನಿ."

"ರಾತ್ರಿ ಯಾರು ನೋಡೋದು?"

"ನಾನೇ."

"ನಮ್ಮಲ್ಲಿ ಇಷ್ಟಕ್ಕೇ ಇಪ್ಪತ್ತು ಜನ ಇದಾರಮ್ಮ!"

ಆವಲಪ್ಪ ನಡುವೆ ಬಾಯಿ ಹಾಕಿದ. "ಹಂಗಾದ್ರೆ ಸಾರ್, ಒಂದು ಮೆಷಿನ್ನು ಇಲ್ಲೇ ಮಡಗಿದ್ರೆ..."

"ಆಗಲ್ಲ ಆವಲಪ್ಪ. ಅದರ ಕಾವಿಗೆ ಈ ಮನೇನೇ ಬೆಂದ್ಹೋಗುತ್ತೆ. ಬಾಡಿಗೆ ಬರೀ ಜಾಗಕ್ಕಲ್ಲ. ಕರೆಂಟು, ತಂಪು, ಕಾವಲು, ಎಲ್ಲ ಸೇರಿ ಅರವತ್ತು ಸಾವಿರ."

ಮುನಿವೆಂಕಟಮ್ಮ ನಿಧಾನವಾಗಿ ಗಂಡನ ಕಡೆ ತಿರುಗಿದಳು.

"ಜಾಗ, ಕರೆಂಟು, ಫ್ಯಾನು, ಜತೆಗೆ ಮೂರೊತ್ತು ಮುದ್ದೆ. ಇಪ್ಪತ್ತೆರಡು ವರ್ಷದಿಂದ ನಾನೂ ಒಂದನ್ನ ಮಡಿಕ್ಕೊಂಡಿವ್ನಿ ಸಾರ್. ನಿಮ್ ರೇಟಲ್ಲಿ ಎಷ್ಟಾಯ್ತದೆ?"

ಸಾಹೇಬರು ಮೊಬೈಲ್ ತೆಗೆದು ಗುಣಿಸಿದರು. "ಒಂದೂವರೆ ಕೋಟಿ ಮೇಲಾಗುತ್ತಮ್ಮ."

ಅವಳು ಗಂಡನ ಕೈಗೆ ಬುಟ್ಟಿ ಕೊಟ್ಟಳು. "ಬಡ್ಡಿ ಬಿಟ್ಟಿವ್ನಿ. ಹೋಗು, ಸೊಪ್ಪು ಕೊಯ್ಕೊಂಬಾ."

ಹಿಪ್ಪುನೇರಳೆ ತೋಟದ ಬಿಸಿಲಲ್ಲಿ ನಿಂತು ಆವಲಪ್ಪ ತನ್ನ ಕೈಕಾಲನ್ನೆಲ್ಲ ಒಮ್ಮೆ ನೋಡಿಕೊಂಡ. ಒಂದೂವರೆ ಕೋಟಿ! ಇಷ್ಟು ದುಬಾರಿ ಮಾಲು ತಾನೆಂದು ಅವನಿಗೆ ಇಲ್ಲಿಯವರೆಗೆ ಯಾರೂ ಹೇಳಿರಲಿಲ್ಲ.