ಬ್ರೇಕ್ ಮೇಷ್ಟರ ನಾನೂರು ಮೀಟರು

ಭಾನುವಾರ ಬೆಳಿಗ್ಗೆ ಏಳಕ್ಕೆ ಬ್ರೇಕ್ ಮೇಷ್ಟ್ರು ಶೆಡ್ಡಿನ ಬಾಗಿಲು ತೆಗೆದಾಗ ರೇಸಿನ ಕಾರು ಹಲ್ಲುನೋವು ಬಂದವರ ಹಾಗೆ ಒಂದು ಕೆನ್ನೆ ಊರಿಕೊಂಡು ಕೂತಿತ್ತು. ಬಲಗಡೆಯ ಹಿಂದಿನ ಟೈರು ತಿರುಪುಮೊಳೆಯೊಂದು ಚುಚ್ಚಿ, ನೆಲಕ್ಕೆ ಅಂಟಿ ಚಪ್ಪಟೆಯಾಗಿತ್ತು.

"ಇವತ್ತೇನಾ? ಇವತ್ತೇ ಆಗ್ಬೇಕಿತ್ತಾ?" ಎಂದು ಮೇಷ್ಟ್ರು ಟೈರನ್ನೇ ಕೇಳಿದರು.

ಅವರು ಇಪ್ಪತ್ತಾರು ವರ್ಷಗಳಿಂದ ಡ್ರೈವಿಂಗ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದವರು. ಕೂರುವುದು ಪಕ್ಕದ ಸೀಟಿನಲ್ಲಿ. ಕಾಲಿನ ಕೆಳಗೆ ಅವರಿಗೆಂದೇ ಇನ್ನೊಂದು ಬ್ರೇಕು. ಸ್ಟೀರಿಂಗು ಕಲಿಯುವವರದು, ಆಕ್ಸಿಲರೇಟರು ಕಲಿಯುವವರದು, ಎದೆ ಢವಗುಟ್ಟುವುದು ಮಾತ್ರ ಮೇಷ್ಟರದು. ಮನೆಯಲ್ಲಿ ಟಿವಿ ನೋಡುವಾಗಲೂ ಯಾರಾದರೂ ಅಡ್ಡ ಬಂದರೆ ಅವರ ಕಾಲು ನೆಲವನ್ನು ಒತ್ತುತ್ತಿತ್ತು. ಹೆಸರು ಹಾಗೆ ಅಂಟಿಕೊಂಡಿತ್ತು. ಪಾಠದ ಕಾರಿನ ವೇಗದ ಮುಳ್ಳು ಮೂವತ್ತು ದಾಟಿದ್ದನ್ನು ಅವರು ಕಂಡಿದ್ದೇ ಇಲ್ಲ. ಊರಾಚೆಯ ತಿರುವಿನಲ್ಲಿ ಹೆದ್ದಾರಿ ಒಂದಿಷ್ಟು ದೂರ ನೆಟ್ಟಗೆ ಕಾಣುತ್ತಿತ್ತು. ಕಲಿಯುವವರು ಗೇರು ಹುಡುಕುತ್ತಾ ತಡಕಾಡುತ್ತಿದ್ದರೆ, ಮೇಷ್ಟರ ಕಣ್ಣು ಆ ರಸ್ತೆಯ ತುದಿಯವರೆಗೆ ಹೋಗಿ ಬರುತ್ತಿತ್ತು. ಒಂದೇ ಒಂದು ಸಲ, ಅನ್ನಿಸುತ್ತಿತ್ತು. ಆಮೇಲೆ ಎಡಕ್ಕೆ ತಿರುಗಿಸಲು ಹೇಳುತ್ತಿದ್ದರು.

ಆ ಒಂದು ಸಲ ಇವತ್ತು ಬಂದಿತ್ತು. ಅವರ ಭಾವಮೈದುನ ಡ್ರ್ಯಾಗ್ ರೇಸಿನ ಹುಚ್ಚ. ನೆಟ್ಟಗಿನ ನಾನೂರು ಮೀಟರು, ಎರಡು ಕಾರು, ಯಾರು ಮೊದಲು ಅಷ್ಟೇ. ತಿರುವಿಲ್ಲ, ಸಿಗ್ನಲ್ಲಿಲ್ಲ, ಎದುರಿಗೆ ಬರುವವರಿಲ್ಲ. ಭಾರ ಕಡಿಮೆಯಾಗಲೆಂದು ಅವನು ಕಾರಿನಿಂದ ಪಕ್ಕದ ಸೀಟನ್ನೇ ಕಿತ್ತುಹಾಕಿದ್ದ. ಅಂಥ ಶೂರ ಹೋದ ವಾರ ಕಿಟಕಿಗೆ ಪರದೆ ಹಾಕಲು ಸ್ಟೂಲು ಹತ್ತಿ, ಬಿದ್ದು, ಕೈ ಮುರಿದುಕೊಂಡಿದ್ದ. "ಭಾವ, ಭಾನುವಾರ ಹೊಸಬರಿಗೂ ಅವಕಾಶ ಇದೆ. ನಾಲ್ಕು ಗಂಟೆಗೆ ನಮ್ಮ ಕಾರು. ನೀವೇ ಓಡಿಸಿ" ಎಂದಿದ್ದ. ಅವತ್ತಿನಿಂದ ಮೇಷ್ಟರಿಗೆ ಊಟ ರುಚಿಸಿರಲಿಲ್ಲ. ಮದುವೆ ಗೊತ್ತಾದಾಗಲೂ ಹಾಗೆ ಆಗಿರಲಿಲ್ಲ.

ಶೆಡ್ಡಿನೊಳಗೆ ಮೇಷ್ಟ್ರು ನಿಟ್ಟುಸಿರು ಬಿಟ್ಟದ್ದು ಎದುರು ಮನೆಯ ಪ್ಲಂಬರಿಗೆ ಅದು ಹೇಗೆ ಕೇಳಿಸಿತೋ, ಚಪ್ಪಲಿ ಹಾಕದೆಯೇ ಓಡಿಬಂದ. ಅವನ ಹಿಂದೆಯೇ ನಿವೃತ್ತ ಕಾಂಪೌಂಡರು.

"ಇದೇನು ಮಹಾ! ಮೊಳೆ ಕಿತ್ತು ಗೋಂದು ಮೆತ್ತಿದ್ರೆ ಆಯ್ತು. ನಾನು ಇಂಥ ಎಷ್ಟು ಪೈಪು ನೋಡಿಲ್ಲ!" ಎಂದ ಪ್ಲಂಬರು.

"ಕೀಳಬಾರದು! ಚುಚ್ಚಿದ್ದನ್ನ ಕಿತ್ರೆ ರಕ್ತಸ್ರಾವ ಜಾಸ್ತಿ. ಮೇಲಿಂದ ಕಟ್ಟು ಹಾಕಿ" ಎಂದರು ಕಾಂಪೌಂಡರು.

"ಸಾರ್, ಇದಕ್ಕೆಲ್ಲಿದೆ ರಕ್ತ?"

"ಗಾಳಿನೂ ಪ್ರಾಣವೇ ಕಣಯ್ಯ!"

ಇಬ್ಬರೂ ತರ್ಕ ಮಾಡುತ್ತಿದ್ದಂತೆ ಪ್ಲಂಬರು ತನ್ನ ಗಾಳಿಯಂತ್ರದ ಕೊಳವೆ ಎಳೆದು ತಂದು ಟೈರಿಗೆ ಸಿಕ್ಕಿಸಿಯೇಬಿಟ್ಟ. ಟೈರು ಬೆಕ್ಕಿನ ಬೆನ್ನಿನ ಹಾಗೆ ಉಬ್ಬತೊಡಗಿತು. "ಕಲ್ಲಿನ ಥರ ಗಟ್ಟಿ ಮಾಡ್ತೀನಿ ನೋಡಿ!"

"ಬ್ರೇಕ್!" ಎಂದು ಮೇಷ್ಟ್ರು ಅರಚಿದರು. ಇಪ್ಪತ್ತಾರು ವರ್ಷ ಪಳಗಿದ ಕೂಗು. ಬೀದಿಯಲ್ಲಿ ಹೋಗುತ್ತಿದ್ದ ಸೈಕಲ್ಲೊಂದು ನಿಂತಿತು. ಪ್ಲಂಬರಿನ ಕೈಯೂ ನಿಂತಿತು.

ಅಡುಗೆಮನೆಯ ಕಿಟಕಿಯಿಂದ ಮೇಷ್ಟರ ಹೆಂಡತಿಯ ದನಿ ಬಂತು. "ಅದಕ್ಕೆ ಅಷ್ಟು ಗಾಳಿ ತುಂಬಬಾರದು. ಮೈ ತೆಳು, ಒಡೆದ್ರೆ ಮುಖಕ್ಕೇ ಹೊಡೆಯುತ್ತೆ. ಮೊದಲು ಇರೋ ಗಾಳಿ ಪೂರ್ತಿ ಬಿಡಿ."

"ನಿನಗೇನು ಗೊತ್ತಾಗುತ್ತೆ, ಸುಮ್ನಿರು" ಎಂದರು ಮೇಷ್ಟ್ರು. ಆದರೆ ಗಾಳಿ ಬಿಟ್ಟರು.

ಕೈಗೆ ಪ್ಲಾಸ್ಟರು, ಹೆಗಲಿಗೆ ಜೋಳಿಗೆ ಕಟ್ಟಿಕೊಂಡ ಭಾವಮೈದುನ ಬಂದು ಕುರ್ಚಿ ಎಳೆದುಕೊಂಡು ಕೂತ. ಅವನು ಹೇಳಿದಂತೆ ಮೇಷ್ಟ್ರು ಒಂದೊಂದನ್ನೇ ಮಾಡಿದರು. ಮುಂದಿನ ಚಕ್ರಗಳು ಉರುಳದಂತೆ ಅಡ್ಡ ಕಲ್ಲು ಕೊಟ್ಟರು. ಜಾಕ್ ಎತ್ತಿ, ಅದೊಂದನ್ನೇ ನಂಬದೆ ಕಾರಿನ ಕೆಳಗೆ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿದರು. ಕಾಂಪೌಂಡರು ಕೆಳಗೆ ತಲೆ ತೂರಿಸಿ ನೋಡಹೋದಾಗ ಕಾಲು ಹಿಡಿದು ಹೊರಗೆಳೆದರು. ಚಕ್ರ ಬಿಚ್ಚಿ ಟೈರ್ ಅಂಗಡಿಗೆ ಉರುಳಿಸಿಕೊಂಡು ಹೋದರು. ಹಿಂದೆ ಬೀದಿಯೇ ಹೊರಟಿತು.

ಟೈರ್ ಅಂಗಡಿಯ ಯಜಮಾನ ನಗೆಯನ್ನೇ ಕಾಣದ ಮನುಷ್ಯ. ಟೈರನ್ನು ಬಿಚ್ಚಿ, ಒಳಗೆ ಟಾರ್ಚು ಹಿಡಿದು, ಬೆರಳಿನಿಂದ ಸವರಿ ನೋಡಿದ.

"ಬರೀ ಟ್ಯೂಬಿಗೆ ತೂತಾಗಿದ್ರೆ ಟ್ಯೂಬ್ ಬದಲಾಯಿಸಿ ಕಳಿಸ್ತಿದ್ದೆ. ತಿರುಪುಮೊಳೆ ಟೈರಿನ ಒಳಗಿನ ನೂಲಿನ ಪದರಾನೇ ಕಡಿದಿದೆ. ಇದು ಮುಗೀತು."

"ಒಂದೇ ಸಲಕ್ಕೆ, ಒಂದೇ ಒಂದು ಸಲಕ್ಕೆ ತೇಪೆ ಹಾಕಕ್ಕಾಗಲ್ವ?" ಮೇಷ್ಟರ ದನಿ ಅವರಿಗೇ ಅಪರಿಚಿತವಾಗಿ ಕೇಳಿಸಿತು. ಪರೀಕ್ಷೆಯ ದಿನ ಪಾಸು ಮಾಡಿಸಿ ಎಂದು ಅಂಗಲಾಚುವ ಕಲಿಯುವವರ ದನಿ ಅದು.

"ತೇಪೆ ಹಾಕಿದ ಅಂಗಿ ಹಾಕ್ಕೊಂಡು ಓಡಬಹುದು ಮೇಷ್ಟ್ರೇ. ತೇಪೆ ಹಾಕಿದ ಈ ಟೈರಲ್ಲಿ ಓಡಿದ್ರೆ, ಆಮೇಲೆ ತೇಪೆ ನಿಮಗೆ."

ಕಾಂಪೌಂಡರು ಅರ್ಥವಾದವರಂತೆ ತಲೆದೂಗಿದರು. ಮೇಷ್ಟ್ರು ಗೋಡೆಗೆ ಒರಗಿ ನಿಂತರು. ಗಡಿಯಾರ ಹನ್ನೊಂದು ತೋರಿಸುತ್ತಿತ್ತು. ಕಣ್ಣ ಮುಂದೆ ಆ ನೆಟ್ಟಗಿನ ದಾರಿ ಇನ್ನೂ ಹಾಗೇ ಇತ್ತು. ಅವರ ಕಾಲು ಇಲ್ಲೇ ಇತ್ತು.

ಆಗ ಭಾವಮೈದುನನಿಗೆ ಮನೆಯ ಅಟ್ಟದಲ್ಲಿ ಹಳೆಯ ಜೋಡಿಯೊಂದಿರುವುದು ನೆನಪಾಯಿತು. ಬದಲಾಯಿಸಿದರೆ ಎರಡನ್ನೂ ಬದಲಾಯಿಸಬೇಕು. ಸುತ್ತಳತೆಯಲ್ಲಿ ವ್ಯತ್ಯಾಸವಿದ್ದರೆ ಕಾರು ನೆಟ್ಟಗೆ ಹೋಗುವ ಬದಲು ಪಕ್ಕಕ್ಕೆ ಎಳೆಯುತ್ತದೆ. ಮೇಷ್ಟ್ರು ಅಟ್ಟ ಹತ್ತಿದರು. ಟೇಪು ಹಿಡಿದು ಮೂರು ಸಲ ಅಳೆದರು. ಒಳಗೂ ಹೊರಗೂ ಸವರಿ ನೋಡಿದರು. ಅಂಗಡಿಯ ಯಜಮಾನ ಅವನ್ನು ಚಕ್ರಕ್ಕೆ ಕೂರಿಸಿಕೊಟ್ಟ ಮೇಲೆ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, ಮತ್ತೆ ಬಿಗಿದು, ಪ್ರತಿಯೊಂದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಎಷ್ಟು ಗಾಳಿ, ಎಷ್ಟು ಹೊತ್ತಿಗೆ ಎಂದು ಪಾಠದ ಪುಸ್ತಕದಲ್ಲಿ ಬರೆದುಕೊಂಡರು.

ಮೂರೂವರೆಗೆ ಕಾರನ್ನು ಹೊತ್ತ ಲಾರಿ ರೇಸಿನ ಬಯಲು ಸೇರಿತು. ಲಾರಿಯ ಮೇಲೆ ಕಾರು, ಕಾರಿನೊಳಗೆ ಮೇಷ್ಟ್ರು, ಹಿಂದಿನ ವ್ಯಾನಿನಲ್ಲಿ ಮನೆಯವರೂ ಬೀದಿಯವರೂ. ದಾರಿಯುದ್ದಕ್ಕೂ ಅವರು ಸ್ಟೀರಿಂಗ್ ಹಿಡಿದೇ ಕೂತಿದ್ದರು. ಮರಗಳು ಹಿಂದಕ್ಕೆ ಓಡುತ್ತಿದ್ದವು. ಲಾರಿಯವನು ಓಡಿಸುತ್ತಿದ್ದಾನೆ ಎಂಬುದನ್ನು ಸ್ವಲ್ಪ ಹೊತ್ತು ಮರೆತಿದ್ದರು.

ತಪಾಸಣೆಗೆ ನಿಂತಿದ್ದ ವಯಸ್ಸಾದ ಹೆಂಗಸು ಕನ್ನಡಕ ಏರಿಸಿಕೊಂಡು ಟೈರು ನೋಡಿದರು, ಗೆರೆ ನೋಡಿದರು, ಪುಸ್ತಕ ನೋಡಿದರು.

"ಇದನ್ನ ಮಾಡಿದ್ದು ಯಾರು?"

"ನಮ್ಮ ಮೇಷ್ಟ್ರು!" ಎಂದ ಪ್ಲಂಬರು, ತಾನೇ ಹೆತ್ತವನಂತೆ.

"ಹತ್ತು ವರ್ಷದಲ್ಲಿ ಇಂಥ ಕೆಲಸ ನೋಡಿಲ್ಲ. ನೋಡಿ, ನಮ್ಮ ಟೈರ್ ಪರೀಕ್ಷಕರು ಜ್ವರ ಅಂತ ಬಂದಿಲ್ಲ. ಅವರಿಲ್ದೆ ಒಂದು ಕಾರೂ ಬಿಡಕ್ಕಾಗಲ್ಲ. ನಲವತ್ತು ಕಾರು ಕಾಯ್ತಿವೆ. ಯಾರಾದ್ರೂ ತಿಳಿದವರು…"

"ಮೇಷ್ಟ್ರು ಮಾಡ್ತಾರೆ!" ಎಂದರು ಕಾಂಪೌಂಡರು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಪ್ಲಂಬರು ಅಲ್ಲಿದ್ದ ಪರೀಕ್ಷಕರ ಕಿತ್ತಳೆ ಬಣ್ಣದ ಅಂಗಿಯನ್ನು ಅವರ ತಲೆಯ ಮೇಲಿಂದ ಇಳಿಸಿಯಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಮೇಷ್ಟರಿಗೂ ಒಂದು ಗಳಿಗೆ ಎದೆ ಉಬ್ಬಿತು.

"ಆಯ್ತು, ನನ್ನ ಸರದಿ ಮುಗಿಸಿಕೊಂಡು ಬರ್ತೀನಿ" ಎಂದರು.

"ಅಂಗಿ ಹಾಕಿದೋರು ಅವತ್ತು ಓಡಿಸೋ ಹಾಗಿಲ್ಲ. ನಿಯಮ" ಎಂದರು ತಪಾಸಣೆಯ ಹೆಂಗಸು.

ಮೇಷ್ಟ್ರು ಅಂಗಿ ಬಿಚ್ಚಲು ಕೈ ಎತ್ತಿದರು. ಕತ್ತಿನವರೆಗೆ ಬಂದ ಅಂಗಿ ಅಲ್ಲೇ ನಿಂತಿತು. ಸಾಲಿನ ಮೊದಲ ಕಾರಿನ ಟೈರಿನಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕಿನೊಳಗೆ, ಬಿಳಿ ನೂಲು ಕಾಣುತ್ತಿತ್ತು.

"ಇದು ಓಡಬಾರದು" ಎಂದರು.

"ಒಂದೇ ಸಲ ಸಾರ್" ಎಂದ ಕಾರಿನವನು, ಹೊಸದಾಗಿ ಮೀಸೆ ಬಿಟ್ಟವನು. "ಒಂದೇ ಒಂದು ಸಲ."

ಮೇಷ್ಟ್ರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ದೂರದಲ್ಲಿ ಬಿಸಿಲಿಗೆ ನಡುಗುತ್ತಿದ್ದ ಆ ನಾನೂರು ಮೀಟರನ್ನು ನೋಡಿದರು. ಆಮೇಲೆ ಅಂಗಿಯನ್ನು ಕೆಳಗೆಳೆದುಕೊಂಡು ಮಂಡಿಯೂರಿ ಕೂತರು. "ಕಾರು ಪಕ್ಕಕ್ಕೆ ನಿಲ್ಸಪ್ಪ" ಎಂದರು.

ನಾಲ್ಕು ಗಂಟೆಗೆ ಮೈಕಿನಲ್ಲಿ ಅವರ ಕಾರಿನ ನಂಬರು ಕೂಗಿದರು. ಮೇಷ್ಟ್ರು ತಲೆಯೆತ್ತಲಿಲ್ಲ. "ಅದನ್ನ ರದ್ದು ಮಾಡಿಬಿಡಿ" ಎಂದರು.

"ಯಾಕೆ ರದ್ದು? ಆ ಕಾರಿಗೆ ನಮ್ಮ ಪಟ್ಟಿಯಲ್ಲಿ ಇನ್ನೊಬ್ಬರ ಹೆಸರಿದೆ" ಎಂದ ಓಟದ ಪಟ್ಟಿ ಹಿಡಿದು ಕೂತಿದ್ದ ಗುಮಾಸ್ತ. ಮೇಷ್ಟರ ಬೆನ್ನ ಹಿಂದೆ ನೋಡಿ ಹಲ್ಲು ಕಿರಿದ. "ಬನ್ನಿ ಅಕ್ಕ. ಇವತ್ತು ಬರಲ್ಲ ಅಂದ್ಕೊಂಡಿದ್ದೆ."

ಮೇಷ್ಟ್ರು ತಿರುಗಿದರು. ಹೆಂಡತಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು. ಪಟ್ಟಿ ಹುಡುಕಲು ಅವಳ ಬೆರಳು ತಡಕಾಡಲಿಲ್ಲ.

"ಎಷ್ಟು ಸಲ?" ಅಷ್ಟೇ ಅವರಿಗೆ ಕೇಳಲಾದದ್ದು.

"ಆರು" ಎಂದ ಭಾವಮೈದುನ, ಪ್ಲಾಸ್ಟರಿನ ಹಿಂದೆ ಮುಖ ಮರೆಸಿಕೊಂಡು. "ನಾನು ಹೇಳ್ಬಾರ್ದು ಅಂತ ಅಕ್ಕ ಆಣೆ ಹಾಕಿಸಿಕೊಂಡಿದ್ಲು, ಭಾವ."

"ಹೇಳಿದ್ರೆ ನೀವು ಬೇಡ ಅಂತಿರಲಿಲ್ಲ, ಗೊತ್ತು. ಹೆದರಿಕೊಂಡು ಕೂತಿರ್ತಿದ್ರಿ" ಎಂದಳು ಹೆಂಡತಿ. ಸ್ವಲ್ಪ ತಡೆದು, "ಇವತ್ತಿನ ಸರದಿ ನನ್ನದೇ ಆಗಿತ್ತು ರೀ. ನಿಮಗೆ ಬಿಟ್ಟುಕೊಟ್ಟಿದ್ದೆ" ಎಂದಳು.

ಹೊರಡುವ ಗೆರೆಯ ದೀಪ ಹಸಿರಾಯಿತು. ಹಿಂದಿನ ಟೈರುಗಳು ಒಮ್ಮೆ ಸುಕ್ಕುಗಟ್ಟಿ ನೆಲ ಕಚ್ಚಿದವು. ಕಾರು ಇದ್ದಲ್ಲಿ ಬರೀ ಸದ್ದು ಉಳಿಯಿತು, ಆಮೇಲೆ ಅದೂ ಹೋಯಿತು. ಮೇಷ್ಟರ ಕಾಲು ನೆಲವನ್ನು ಒತ್ತಲಿಲ್ಲ. ಅವರು ತುದಿಗಾಲಿನಲ್ಲಿ ನಿಂತಿದ್ದರು.

ಸಂಜೆ ಕೊನೆಯ ಕಾರೂ ಹೋದ ಮೇಲೆ ಕಾಂಪೌಂಡರು ಖುಷಿಯಿಂದ ಓಡಿಬಂದರು. "ಮೇಷ್ಟ್ರೇ, ಒಳ್ಳೇ ಸುದ್ದಿ! ಈ ವರ್ಷದ ಎಲ್ಲ ರೇಸಿಗೂ ನೀವೇ ಪರೀಕ್ಷಕರು. ನೀವು ಬ್ಯುಸಿ ಇದ್ರಲ್ಲ, ನಿಮ್ಮ ಪರವಾಗಿ ನಾನೇ ಒಪ್ಪಿಕೊಂಡು ಬಂದೆ!"

ಮೇಷ್ಟ್ರು ಕಿತ್ತಳೆ ಅಂಗಿ ಬಿಚ್ಚಿ ಮಡಚಿದರು. ಹೆಂಡತಿ ಹೆಲ್ಮೆಟ್ಟು ಕಂಕುಳಲ್ಲಿ ಇಟ್ಟುಕೊಂಡು ಬಂದು ಪಕ್ಕದಲ್ಲಿ ನಿಂತಳು. ಅವಳ ಕೆನ್ನೆ ಇನ್ನೂ ಕೆಂಪಗಿತ್ತು.

"ಹೇಗಿರುತ್ತೆ?" ಎಂದು ಮೇಷ್ಟ್ರು ಕೇಳಿದರು.

"ಹೇಳಕ್ಕೆ ಬರಲ್ಲ ರೀ. ಕಣ್ಣು ಮುಚ್ಚಿ ತೆರೆಯೋದ್ರೊಳಗೆ ಮುಗಿದುಹೋಗುತ್ತೆ."

ಮೇಷ್ಟ್ರು ಬೇಲಿಯ ಕಲ್ಲಿನ ಮೇಲೆ ಕೂತು, ಅವಳಿಗೂ ಜಾಗ ಮಾಡಿಕೊಟ್ಟರು.

"ಪರವಾಗಿಲ್ಲ" ಎಂದರು. "ನಿಧಾನವಾಗಿ ಹೇಳು."