ನಗು ಇಳಿಯುವಾಗ ಒಂದು ಚಮಚ

ಕಥೆ ಕಟ್ಟುವವರಿಗೆ ಮನಸ್ಸಿಗೆ ಶಾಂತಿ ಬೇಕು, ಹೊಳೆ ಬದಿ ಬೇಕು, ಒಬ್ಬರೇ ಕೂರಲು ಜಾಗ ಬೇಕು ಎಂದು ಮೊನ್ನೆ ರೇಡಿಯೋದಲ್ಲಿ ಯಾರೋ ಹೇಳುತ್ತಿದ್ದರು. ಬೇಕಾದೀತು. ಅವರ ಕಥೆ ಇವತ್ತು ಬಾರದಿದ್ದರೆ ನಾಳೆ ಬಂದರೂ ನಡೆಯುತ್ತದೆ. ನನಗೆ ಗಂಜಿ ಆರುವುದರೊಳಗೆ ಬರಬೇಕು. ಅರುವತ್ತು ದಾಟಿದ ಮೇಲೆ ಸಾಕ್ಷರತೆ ಕ್ಲಾಸಿಗೆ ಹೋಗಿ ಅಕ್ಷರ ಕಲಿತವಳು ನಾನು, ಒತ್ತಕ್ಷರ ಈಗಲೂ ಕೈಗೆ ಸಿಗುವುದಿಲ್ಲ. ಆದರೆ ಕಥೆ ಕಟ್ಟುವ ಕೆಲಸ ಎರಡು ಹೊತ್ತೂ ಉಂಟು, ರಜೆ ಇಲ್ಲ.

ಕೇಳುವವಳು ಒಬ್ಬಳೇ, ಮಗನ ಮಗಳು ಕುಸುಮ. ಹುಟ್ಟಿ ಹತ್ತು ವರ್ಷ ಆಯಿತು, ಚಾಪೆ ಬಿಟ್ಟು ಎದ್ದವಳಲ್ಲ, ಮಾತಿಲ್ಲ. ನಮ್ಮ ಮನೆ ಮುಳ್ಳೇರಿಯದಿಂದ ಒಳಗೆ, ಗೇರುತೋಟದ ಅಂಚಿನಲ್ಲಿ. ತೋಟಕ್ಕೆ ಹುಳದ ಮದ್ದು ಬಿಡಲು ಹೆಲಿಕಾಪ್ಟರ್ ಬಂದರೆ ನಾವೆಲ್ಲ ಅಂಗಳಕ್ಕೆ ಓಡಿ ಬಾಯಿ ತೆರೆದು ಮೇಲೆ ನೋಡುತ್ತಿದ್ದೆವು, ಬಸುರಿ ಸೊಸೆಯೂ ನೋಡಿದಳು. ಅದರಿಂದಲೇ ಮಗು ಹೀಗಾಯಿತು ಎಂದು ಕೆಲವರು, ನಾಗದೋಷ ಎಂದು ಕೆಲವರು. ದೋಷ ಯಾರದ್ದಾದರೂ ಗಂಜಿ ಉಣಿಸುವುದು ನಾವೇ. ಅವಳ ದವಡೆ ಬಿಗಿ. ಒತ್ತಿದರೆ ಚಮಚ ಹಲ್ಲಿಗೆ ತಾಗಿ ತುಟಿ ಒಡೆಯುತ್ತದೆ. ನಕ್ಕರೆ ಮಾತ್ರ ಬಾಯಿ ಸಡಿಲ. ಅದರಲ್ಲೂ ನಗು ಏರುವಾಗ ಹಾಕಬಾರದು, ಶ್ವಾಸಕ್ಕೆ ಹೋಗುತ್ತದೆ. ಒಮ್ಮೆ ಹಾಗಾಗಿ ಮಗು ನೀಲಿಯಾಗಿತ್ತು. ನಗು ಇಳಿಯುವಾಗ, ಬಾಯಿ ಮುಚ್ಚುವ ಮೊದಲು, ಒಂದು ಚಮಚ.

ಇವಳಿಗೆ ಎಂತದೂ ಅರ್ಥವಾಗುವುದಿಲ್ಲ ಎಂದರು ಡಾಕ್ಟರು. ನಿನ್ನೆಯ ಕಥೆಯನ್ನೇ ಇವತ್ತು ಹೇಳಿದರೆ ಗೋಡೆಗೆ ಮುಖ ತಿರುಗಿಸುತ್ತಾಳೆ. ಡಾಕ್ಟರಿಗೆ ಇವಳಿಗೆ ಗಂಜಿ ಉಣಿಸಿ ಗೊತ್ತಿಲ್ಲ. ರಾಜ, ರಾಣಿ, ಹುಲಿ ಎಲ್ಲ ಹೇಳಿ ನೋಡಿದೆ, ತುಟಿ ಅಲುಗಲಿಲ್ಲ. ಒಂದು ದಿನ, ಅವಳ ಅಪ್ಪ ರಿಕ್ಷಾ ತೊಳೆಯಲು ಹೋಗಿ ತೋಡಿಗೆ ಬಿದ್ದದ್ದನ್ನು ಸೊಸೆ ಜಯಂತಿಗೆ ಹೇಳುತ್ತಿದ್ದೆ, ಚಾಪೆಯಿಂದ ನಗು ಕೇಳಿತು. ಆಮೇಲೆ ಗೊತ್ತಾಯಿತು, ಇವಳಿಗೆ ಬೇಕಾದದ್ದು ನಮ್ಮವರ ಕಥೆ, ಅದೂ ಯಾರಿಗಾದರೂ ಪೆಟ್ಟಾಗಬೇಕು. ಅಂದಿನಿಂದ ನನಗೆ ಊರಿಡೀ ಅದೇ ಕಣ್ಣು. ಯಾರ ಕಾಲು ಮುಳ್ಳಿಗೆ, ಯಾರ ಪಂಚೆ ಕರುವಿನ ಬಾಯಿಗೆ, ಯಾರ ಮಂಡೆ ಬಾಗಿಲಿನ ದಾರಂದಕ್ಕೆ. ನೆರೆಮನೆಯ ಕಮಲಕ್ಕ ಮೆಟ್ಟಿಲಲ್ಲೇ ನಿಂತು ಹೇಳುತ್ತಿದ್ದಳು, "ನಿಮ್ಮಲ್ಲಿಗೆ ಬಂದರೆ ಎಡವಲಿಕ್ಕೂ ಹೆದರಿಕೆ ಮಾರಾಯ್ತಿ. ಸಂಜೆಗೆ ನನ್ನನ್ನು ಗಂಜಿಯೊಟ್ಟಿಗೆ ಬಡಿಸ್ತೀರಿ."

"ಎಡವು, ಎಡವು. ನಾಲ್ಕು ಚಮಚ ಹೆಚ್ಚು ಹೋಗ್ತದೆ" ಎಂದೆ.

ಆಟಿ ತಿಂಗಳು ಬಂತು. ಮಳೆಗೆ ಕಮಲಕ್ಕನೂ ಬರಲಿಲ್ಲ. ಮಗನ ರಿಕ್ಷಾ ಶೆಡ್ಡಿನಲ್ಲಿ, ಮಗ ಜಗಲಿಯಲ್ಲಿ. ಮನೆಯಲ್ಲಿ ಎಲ್ಲರೂ ಸರಿಯಾಗಿ ನಡೆದರು, ಯಾರೂ ಬೀಳಲಿಲ್ಲ, ಯಾವ ಪಾತ್ರೆಯೂ ಒಡೆಯಲಿಲ್ಲ. ಇಂಥ ಸುಖ ಯಾವ ಮನೆಗೂ ಬೇಡ. ಕುಸುಮನ ಪಕ್ಕೆಲುಬು ಹೊರಗಿನಿಂದಲೇ ಎಣಿಸಬಹುದಿತ್ತು. ಹೀಗೇ ತಿನ್ನದಿದ್ದರೆ ಈ ಮಳೆಗಾಲ ದಾಟಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಜಯಂತಿ ಅರೆಯುವ ಕಲ್ಲಿನ ಎದುರು ಕೂತು ಅಳುತ್ತಿದ್ದಳು. ನಾನು ಮಗನಿಗೆ, "ಸುಮ್ಮನೆ ಕೂತಿದ್ದಿಯಲ್ಲ, ಒಮ್ಮೆ ಬೀಳು" ಎಂದೆ. ಪಾಪ, ಬಿದ್ದ. ತಲೆಗೆ ಕೈ ಕೊಟ್ಟು, ಮೆತ್ತಗೆ, ಚಾಪೆ ಇದ್ದಲ್ಲಿಗೆ ಬಿದ್ದ. ಕುಸುಮ ಒಮ್ಮೆ ನೋಡಿ ಗೋಡೆಗೆ ತಿರುಗಿದಳು. ನಾಟಕ ಅವಳಿಗೆ ಆಗುವುದಿಲ್ಲ.

ಮಾರನೆಯ ದಿನ ದನಕ್ಕೆ ಕುಡಿಸಲು ಅಕ್ಕಿ ತೊಳೆದ ಅಕ್ಕಚ್ಚಿನ ಬಾಲ್ದಿ ಹಿಡಿದು ಇಳಿದೆ, ಅಂಗಳದ ಮೆಟ್ಟಿಲಿನ ಪಾಚಿಯಲ್ಲಿ ಕಾಲು ಹೋಯಿತು. ನಾನು ಕೆಳಗೆ, ಕೈ ನನ್ನ ಅಡಿಗೆ, ಬಾಲ್ದಿ ತಲೆಯ ಮೇಲೆ. ಬಾಲ್ದಿಯ ಒಳಗಿನಿಂದಲೇ ಕೇಳಿದೆ, ಜಗಲಿಯ ಚಾಪೆಯಲ್ಲಿ ಕುಸುಮ ನಗುತ್ತಿದ್ದಳು. ಅಂಥ ನಗುವನ್ನು ನಾನು ಅವಳ ಬಾಯಿಯಿಂದ ಕೇಳಿದವಳಲ್ಲ.

"ಅಯ್ಯೋ ಅತ್ತೆ, ಪೆಟ್ಟಾಯಿತಾ?" ಎಂದು ಜಯಂತಿ ಮಳೆಗೆ ಓಡಿ ಬಂದಳು.

"ಇಲ್ಲಿಗೆ ಎಂತಕ್ಕೆ ಬಂದದ್ದು? ಗಂಜಿ ತಾ" ಎಂದೆ.

ಅವಳು ಅರ್ಧದಲ್ಲಿ ನಿಂತಳು. ನನ್ನನ್ನು ನೋಡಿದಳು, ಮಗಳನ್ನು ನೋಡಿದಳು, ತಿರುಗಿ ಒಳಗೆ ಓಡಿದಳು. ಪೆಟ್ಟಾಯಿತಾ ಎಂದು ಇನ್ನೊಮ್ಮೆ ಕೇಳಿಯಾಳು ಎಂದುಕೊಂಡಿದ್ದೆ, ಇರಲಿ. ಎಬ್ಬಿಸಲು ಬಂದ ಮಗನನ್ನೂ ಬೈದು ಕೂರಿಸಿದೆ. ನಾನು ಏಳಲು ನೋಡಿ ನರಳಿದರೆ ಅವಳು ನಗುತ್ತಾಳೆ, ನಗು ಇಳಿಯುವಾಗ ಜಯಂತಿ ಚಮಚ ಹಾಕುತ್ತಾಳೆ. ನಡುವೆ ಒಮ್ಮೆ ಸುಮ್ಮಸುಮ್ಮನೆ ನರಳಿ ನೋಡಿದೆ. ಅದಕ್ಕೆ ನಗಲಿಲ್ಲ. ಪುಣ್ಯಕ್ಕೆ ನಿಜವಾದ ನೋವು ಬೇಕಾದಷ್ಟಿತ್ತು. ಬಟ್ಟಲು ಖಾಲಿಯಾದ ಮೇಲೆ ನನ್ನನ್ನು ಎತ್ತಿದರು.

ಎಲುಬು ಕಟ್ಟುವ ವೈದ್ಯರು ಮುರಿದ ಕೈಗೆ ಬಿದಿರಿನ ಪಟ್ಟಿ ಇಟ್ಟು ಬಟ್ಟೆ ಸುತ್ತಿದರು, "ಈ ಪ್ರಾಯದಲ್ಲಿ ಇನ್ನು ಬೀಳಬಾರದು ಅಜ್ಜಿ" ಎಂದರು. ಆ ಕಟ್ಟು ನಮ್ಮನ್ನು ಮಳೆಗಾಲ ದಾಟಿಸಿತು. ಒಂದು ಕೈಯಲ್ಲಿ ಜಡೆ ಕಟ್ಟಲು ಹೋದರೂ ನಗು, ಸೊಳ್ಳೆ ಹೊಡೆಯಲು ಹೋದರೂ ನಗು. ಕುಸುಮನ ಕೆನ್ನೆಯಲ್ಲಿ ಸ್ವಲ್ಪ ಮಾಂಸ ಬಂತು. ಮತ್ತೆ ಕಟ್ಟು ಬಿಚ್ಚುವ ದಿನ ವೈದ್ಯರು ಕೈ ತಿರುಗಿಸಿ ನೋಡಿ, "ಚಂದ ಕೂಡಿಕೊಂಡಿದೆ" ಎಂದರು. ಮನೆಗೆ ಬಂದು ಹೇಳಿದೆ. ಯಾರ ಮುಖವೂ ಅರಳಲಿಲ್ಲ.

ನಿನ್ನೆ ಜಯಂತಿ ಮೆಟ್ಟಿಲಿನ ಪಾಚಿ ಉಜ್ಜಲು ಹಿಡಿಸೂಡಿ ಹಿಡಿದು ಹೊರಟಳು.

"ಅದು ಇರಲಿ" ಎಂದೆ.

ಅವಳು ನನ್ನ ಕೈ ನೋಡಿದಳು, ಮಗಳನ್ನು ನೋಡಿದಳು. ಹಿಡಿಸೂಡಿಯನ್ನು ಮೂಲೆಗೆ ಇಟ್ಟು, ಗಂಜಿ ಆರಿಸಲು ಒಳಗೆ ಹೋದಳು.